ವಾಚು ರಿಪೇರಿ ಅಂಗಡಿಯಲ್ಲಿ ನೀರು

ಬದಿಯಡ್ಕ ಬಸ್‌ಸ್ಟ್ಯಾಂಡಿನ ಎದುರು,
ಝೆರಾಕ್ಸಿನವರ ಗೋಡೆಗೆ ತಾಗಿ,
ನನ್ನದು ಆರಡಿ ಅಗಲದ ಅಂಗಡಿ.
ಗೋಡೆಯಲ್ಲಿ ಹತ್ತೊಂಬತ್ತು ಗಡಿಯಾರ,
ಒಂದಕ್ಕೊಂದು ಮಾತು ಬಿಟ್ಟವು.
ಷೋಕೇಸಿನ ತುಂಬ ಕೀ ಕೊಡುವ ವಾಚುಗಳಿದ್ದವು ಆಗ.
ಈಗ ಆ ಖಾಲಿ ಜಾಗ ನೋಡಿ ನೋಡಿ ಸಾಕಾಗಿ
ಕಾಸರಗೋಡಿನಿಂದ ಎರಡಡಿಯ ಗಾಜಿನ ತೊಟ್ಟಿ ತಂದೆ,
ಬಸ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು.
ಕೈಗೂಸಿಗೆ ಬಿಡುವಷ್ಟೇ ಜಾಗ ಬಿಟ್ಟರು ಜನ.

ಮಾರಿದ ಹುಡುಗ ಶಿಹಾಬ್ ಹೇಳಿ ಕಳಿಸಿದ್ದ:
ಮೀನು ಈಗಲೇ ಬೇಡ. ನೀರು ಇನ್ನೂ ಹಸಿ.
ತಿಂಗಳು ಕಳೆಯಲಿ, ಹಣ್ಣಾಗಲಿ.

ಮುರಕಲ್ಲಿನ ಕೆಂಪು ಹುಡಿ
ಚಾ ಸೋಸುವ ಜರಡಿಯಲ್ಲಿ ಜಾಳಿಸಿ ಅಡಿಗೆ.
ಮೇಲೆ ಪಯಸ್ವಿನಿಯ ಹೊಯ್ಗೆ,
ತೊಳೆದೆ ಒಂಬತ್ತು ಸಲ, ಹತ್ತನೆಯದಕ್ಕೆ ಸೊಂಟ ಒಪ್ಪಲಿಲ್ಲ.
ನೀರು ನಮ್ಮ ಸುರಂಗದ್ದು:
ಗುಡ್ಡದ ಕತ್ತಲೆಯಲ್ಲಿ ಬಗ್ಗಿ ನಡೆದು ಬಂದದ್ದು,
ನಾಲಗೆಗೆ ಮೆತ್ತಗೆ.
ಬಸಿಯೊಂದನ್ನು ಕವುಚಿಟ್ಟು ಅದರ ಬೆನ್ನಿಗೆ ಹೊಯ್ದೆ,
ಹೊಯ್ಗೆ ಏಳದಿರಲೆಂದು.
ಎದ್ದಿತು.
ಎರಡು ದಿನ ಷೋಕೇಸಿನಲ್ಲಿ ಬರೀ ಚಾ.

ಗಿಡ ನೆಡಲು ಬೇರೆ ಹತಾರು ಬೇಕಾಗಲಿಲ್ಲ.
ಕೂದಲೆಳೆಯ ಸ್ಪ್ರಿಂಗು ಹಿಡಿಯುವ ಅದೇ ಚಿಮಟ,
ಹುಬ್ಬಿಗೆ ಸಿಕ್ಕಿಸಿದ ಅದೇ ಮಸೂರ.
ನಿಂತದ್ದನ್ನು ನಲವತ್ತು ವರ್ಷ ನಡೆಸಿದ ಕೈ
ತೇಲಿ ತೇಲಿ ಬರುವುದನ್ನು ನಿಲ್ಲಿಸಲು ಹೆಣಗಿತು.

ಆಮೇಲೆ ಬಂದವರದೆಲ್ಲ ಒಂದೇ ಪ್ರಶ್ನೆ.
ಐತ್ತಪ್ಪ ಪಾಟಾಳಿ: ಮೀನ್ ಓಲುಂಡು?
ಮೊಯ್ದಿನ್‌ಕುಂಞಿ: ಮೀನ್ ಏಡ?
ಜಾತಕದ ಕಟ್ಟು ಕಂಕುಳಲ್ಲಿಟ್ಟ ಶಂಭಟ್ಟರು,
ಮೀನು ತಿನ್ನದವರು, ಗಾಜಿಗೆ ಮೂಗು ತಾಗಿಸಿ:
ಮೀನೆಲ್ಲಿದ್ದು, ಮಾರಾಯ?
ನಾನು ಎಲ್ಲರಿಗೂ ಕನ್ನಡದಲ್ಲೇ ಹೇಳಿದೆ,
ಬರ್ತದೆ.

ಎರಡನೆಯ ವಾರ ಎಲೆಗಳು ಗಾಜಿನಂತಾಗಿ ಕರಗಿದವು.
ಹಸಿರು ಲೋಳೆ. ಬಾವಿಕಟ್ಟೆಯ ವಾಸನೆ.
ಕರೆಯದೆ ಬಂದ ಒಂದು ಬಸವನಹುಳು
ಗಾಜಿನ ಮೇಲೆ ತನ್ನ ದಾರಿ ಬರೆಯುತ್ತ ಹೋಯಿತು.
ಹಿಂದಿನ ಮುಚ್ಚಳ ತೆರೆದು ನೋಡುವುದು ನನ್ನ ಕಸುಬು.
ನೀರಿಗೆ ಹಿಂದಿನ ಮುಚ್ಚಳವಿಲ್ಲ.
ಕೈ ಕಟ್ಟಿ ಕೂತೆ.
ಹಾಗೆ ಕೂತು ಎಷ್ಟು ಕಾಲವಾಗಿತ್ತೋ!

ಒಂದು ಮಧ್ಯಾಹ್ನ, ಕರೆಂಟು ಹೋಗಿ ಬಂದ ಮೇಲೆ,
ಸತ್ತಿತೆಂದುಕೊಂಡ ಬುಡದಲ್ಲಿ
ಸುರುಳಿ ಬಿಚ್ಚದ ಒಂದು ಎಲೆ.
ಅದರ ತುದಿಯಿಂದ ಗುಳ್ಳೆ,
ತಡೆದು ಇನ್ನೊಂದು,
ತಡೆದು ಇನ್ನೊಂದು.
ಯಾರೂ ಕೀ ಕೊಟ್ಟಿರಲಿಲ್ಲ.

ಮೊಯ್ದಿನ್‌ಕುಂಞಿಯ ಮೊಮ್ಮಗ ನೀರ್ಚಾಲಿನ ಗದ್ದೆಯ ತೋಡಿನಿಂದ
ಉಪ್ಪಿನಕಾಯಿ ಬಾಟ್ಲಿಯಲ್ಲಿ ಆರು ಮೀನು ತಂದ.
ಮಾನತ್ತುಕಣ್ಣಿ. ಆಕಾಶಕ್ಕೇ ಕಣ್ಣಿಟ್ಟವು,
ನೆತ್ತಿಯಲ್ಲಿ ಬೆಳ್ಳಿಯ ಒಂದು ಚುಕ್ಕೆ.
ಬಾಟ್ಲಿಯನ್ನೇ ತೊಟ್ಟಿಯಲ್ಲಿ ತೇಲಬಿಟ್ಟೆ,
ನೀರಿಗೆ ನೀರು ಒಗ್ಗಲಿ, ಕಾಲು ಗಂಟೆ.
ಯಾವ ಗಡಿಯಾರದ ಕಾಲು ಗಂಟೆ?
ಹತ್ತೊಂಬತ್ತರಲ್ಲಿ ಒಂದನ್ನು ನಂಬಲೇಬೇಕಾಯಿತು.

ಭಾನುವಾರ ಅಂಗಡಿಗೆ ರಜೆ.
ಸೋಮವಾರ ಬಾಗಿಲೆತ್ತಿದರೆ ಸ್ಟೂಲಿನ ಕೆಳಗೆ ಒಂದು,
ಒಣಗಿ ಗಂಟೆಮುಳ್ಳಿನಷ್ಟೇ ಆಗಿತ್ತು.
ಕಣ್ಣು ಮಾಡಿನ ಹಂಚಿಗೆ.
ಹಾರುವ ಜಾತಿ ಎಂದು ಹುಡುಗ ಹೇಳಿದ್ದ,
ಬ್ಯಾಟರಿ ಹಾಕುತ್ತ ನಾನು ಹೂಂಗುಟ್ಟಿದ್ದೆ.
ಯಾರೂ ಬಿಡಿಸಿಕೊಂಡು ಹೋಗದ ಲೋಲಕದ ಗಡಿಯಾರ,
ಅದರ ಬಾಗಿಲ ಗಾಜು ಕಳಚಿ
ತೊಟ್ಟಿಗೆ ಮುಚ್ಚಿದೆ. ಎರಡು ಬೆರಳು ಸಾಲಲಿಲ್ಲ.
ಅಲ್ಲಿಗೆ ರಟ್ಟು.

ಸಂಜೆ ಕಾರ್ತ್ಯಾಯಿನಿ ಟೀಚರು,
ಮುಳ್ಳೇರಿಯದ ಬಸ್ಸಿಗೆ ಅವಸರದಲ್ಲಿದ್ದವರು,
ವಾಚಿಗೆ ಪಟ್ಟಿ ಹಾಕಿಸಿಕೊಂಡು ಕೇಳಿದರು:
ಎಷ್ಟಾಯ್ತು?

ನಾನು ತೊಟ್ಟಿ ನೋಡುತ್ತಿದ್ದೆ.
ಐದು, ಅಂದೆ.
ನಿನ್ನೆ ಆರಿತ್ತು.

ಅವರು ಮೊದಲು ತಮ್ಮ ವಾಚನ್ನು ನೋಡಿದರು,
ಆಮೇಲೆ ನನ್ನನ್ನು.